ಸೊನ್ನೆ ಅಂಕದ ಸಾಧನೆ

ಮಾರ್ಚ್ 1

ಚಿಕ್ಕಪ್ಪ,

ಕೆಂಪು ಪೆನ್ನು ಹಿಡಿದುಕೊಂಡೇ ಓದುತ್ತಿದ್ದೀರಿ ಅಂತ ಗೊತ್ತು. ಹಿಡಿದುಕೊಳ್ಳಿ. ಅಕ್ಷರದ ಹೊಟ್ಟೆ ಸೀಳುವುದು ಸಣ್ಣವಳಿದ್ದಾಗಲೂ ನನ್ನ ಕೈಲಿ ಆಗಲಿಲ್ಲ, ಈಗಲೂ ಆಗುವುದಿಲ್ಲ. ಪಾಪ, ಅವು ಯಾರಿಗೆ ಏನು ಮಾಡಿದ್ದವು?

ಇಲ್ಲಿಗೆ ಬಂದು ಮೂರು ದಿನವಾಯಿತು. ಕಟ್ಟಡಕ್ಕೆ ನಾಲ್ಕು ಮಹಡಿ, ಕೆಳಗಿನ ಮೂರೂ ಕಾಲಿ. ಮೇಲಿನ ಮಹಡಿಯಲ್ಲಿ ಒಂದು ಕೋಣೆ ಕೆಲಸಕ್ಕೆ: ಟೀವಿ, ಆಟದ ಪೆಟ್ಟಿಗೆ, ಕಿರುಗುಟ್ಟುವ ಕುರ್ಚಿ. ಪಕ್ಕದ ಕೋಣೆಯಲ್ಲಿ ನನ್ನ ಮಂಚ. ಆಟ ಇನ್ನೂ ಅಂಗಡಿಗೆ ಬಂದಿಲ್ಲ, ಸುದ್ದಿ ಹೊರಗೆ ಹೋಗಬಾರದು ಅಂತ ಗೇಟಿನವರು ನನ್ನ ಪೋನು, ಬ್ಯಾಗು ಎಲ್ಲ ಲಾಕರಿನಲ್ಲಿಟ್ಟು ಬೀಗ ಹಾಕಿದರು. ಕಾಗದ ಬರೆಯಬಹುದು, ಅದೂ ನಿಮಗೊಬ್ಬರಿಗೇ. ನೀವು ಒಪ್ಪಂದಕ್ಕೆ ಸಹಿ ಹಾಕಿದ ಅನುವಾದಕರಲ್ಲವೇ!

'ಸಾದನೆ ಎಂದರೇನು, ಯಾರು ಸಾದಿಸುತ್ತಾರೆ, ಯಾತಕ್ಕೆ' ಅಂತ ಕೇಳಿದ್ದಿರಿ. ಆಟದೊಳಗೆ ಇಂತಿಂತಹ ಕೆಲಸ ಮಾಡಿದರೆ ಇಷ್ಟಿಷ್ಟು ಅಂಕ ಅಂತ ಒಂದು ಪಟ್ಟಿ ಇರುತ್ತದೆ. ಮೆಟ್ಟಿಲು ಹತ್ತಿದರೆ ಐದು, ಕಳೆದುಹೋದ ಬೀಗದ ಕೈ ಸಿಕ್ಕರೆ ಹದಿನೈದು, ಹೀಗೆ. ಮಾಡಿದ ಕ್ಷಣವೇ ಪರದೆಯ ಕೆಳಗೆ ಟಿಣ್ ಅಂತ ಒಂದು ಚೀಟಿ ಏಳುತ್ತದೆ, ಅಂಕ ಆಟಗಾರನ ಕಾತೆಗೆ ಸೇರುತ್ತದೆ. ಈ ಆಟ ಬಿಟ್ಟು ಬೇರೆ ಆಟಕ್ಕೆ ಹೋದರೂ ಅಂಕ ಅವನ ಹಿಂದೆಯೇ ಬರುತ್ತದೆ. ಒಂದು ಆಟದ ಅಂಕವೆಲ್ಲ ಕೂಡಿದರೆ ಸರಿಯಾಗಿ ಸಾವಿರ ಆಗಬೇಕು. ಒಂದು ಸಾದನೆ ಒಬ್ಬರಿಗೆ ಒಂದೇ ಸಲ, ಎರಡನೇ ಸಲ ತಿಪ್ಪರಲಾಗ ಹಾಕಿದರೂ ಇಲ್ಲ. ಮತ್ತೆ, ಪೆಟ್ಟಿಗೆ ನಿಮ್ಮ ಮನಸ್ಸು ನೋಡುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದೀರಾ, ಅಷ್ಟೇ ಅದಕ್ಕೆ ಬೇಕಾದದ್ದು. ಈ ಅಂಕ ಇಟ್ಟುಕೊಂಡು ಏನು ಮಾಡಬಹುದು ಅಂತ ಕೇಳಬೇಡಿ. ನಾಲ್ಕು ಜನಕ್ಕೆ ತೋರಿಸಬಹುದು.

ಪ್ರತಿ ಸಾದನೆಯ ಕೆಳಗೆ, ಆಡಿದವರಲ್ಲಿ ಶೇಕಡ ಎಷ್ಟು ಜನಕ್ಕೆ ಅದು ಸಿಕ್ಕಿದೆ ಅಂತಲೂ ಇರುತ್ತದೆ. ಇಲ್ಲಿ ಆಡುವವಳು ನಾನೊಬ್ಬಳೇ, ಹಾಗಾಗಿ ನನಗೆ ಸಿಕ್ಕಿದ್ದೆಲ್ಲ ನೂರಕ್ಕೆ ನೂರು. ಜನ್ಮದಲ್ಲಿ ಮೊದಲ ಸಲ ನಿಮ್ಮ ಕಡ್ಡಿ ಕ್ಲಾಸಿಗೆ ಪಸ್ಟು!

ನಿಮ್ಮ ಪಟ್ಟಿ ಬಂದ ಮೇಲೆ ಒಂದೊಂದು ಸಾಲನ್ನೂ ಆಡಿ, ಅಂಕ ಬೀಳುತ್ತದೆಯೇ ನೋಡಿ, ಟಿಕ್ ಹಾಕಬೇಕು. ಸಾವಿರ ತುಂಬಿದ ದಿನ ಗೇಟಿನ ಪುಸ್ತಕಕ್ಕೆ ಸಹಿ, ಮನೆಗೆ ದಾರಿ. ನಿಮ್ಮ ಕಣ್ಣಿನ ಆಪರೇಷನ್ ಇಪ್ಪತ್ತೈದಕ್ಕೆ ತಾನೆ? ಅಷ್ಟರೊಳಗೆ ಬಂದೇ ಬರುತ್ತೇನೆ, ಕಂಡಿತ. ಅಪ್ಪ ಅಮ್ಮ ಹೋದ ಮೇಲೆ ನನ್ನ ಕೈ ಹಿಡಿದು ನಡೆಸಿದವರು ನೀವು. ಆಪರೇಷನ್ ಆದ ಮೇಲಿನ ಎರಡು ವಾರ ನಿಮ್ಮ ಕೈ ಹಿಡಿಯುವುದು ನನ್ನ ಸರದಿ.

ಕಡ್ಡಿ


ಮಾರ್ಚ್ 5

ಕಡ್ಡಿ,

ನಿನ್ನ ಕಾಗದದ ಅಷ್ಟೂ ಹೊಟ್ಟೆಗಳನ್ನು ನಾನೇ ಕೂತು ಸೀಳಿದೆ. 'ಸಾದನೆ' ಅಲ್ಲ ತಾಯಿ, ಸಾಧನೆ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನ ಮನೆಯಲ್ಲಿ ಬೆಳೆದು 'ಕಂಡಿತ' ಎಂದು ಬರೆಯುತ್ತೀಯಲ್ಲ, ದೀಪದ ಬುಡದಲ್ಲೇ ಕತ್ತಲು. ಮಹಾಪ್ರಾಣ ಎಂದು ಹಿರಿಯರು ಸುಮ್ಮನೆ ಹೆಸರಿಟ್ಟಿಲ್ಲ. ಅದು ಹೋದರೆ ಮಾತಿನ ಪ್ರಾಣವೇ ಹೋಯಿತು.

ಪಟ್ಟಿ ದಪ್ಪಕ್ಷರದಲ್ಲಿ ಅಚ್ಚಾಗಿ ಬಂತು. ನಲವತ್ತೊಂದು ಸಾಲು, ಎಲ್ಲವನ್ನೂ ಮುಗಿಸಿ ಇಂದೇ ಕಂಪನಿಗೆ ಕಳುಹಿಸಿದ್ದೇನೆ. ಮೂಲದಲ್ಲಿ ಯಾರು ಮಾಡಿದರು ಎಂಬುದೇ ಇಲ್ಲ. ಮೆಟ್ಟಿಲು ಹತ್ತಿದ್ದು, ಬಾಗಿಲು ತಟ್ಟಿದ್ದು, ಹೀಗೆ ತಲೆಬುಡವಿಲ್ಲದ ತುಂಡುಗಳು. ಕರ್ತೃವಿಲ್ಲದ ವಾಕ್ಯ ಕಂಡರೆ ನನಗೆ ಮೈ ಉರಿಯುತ್ತದೆ. ಆದ್ದರಿಂದ ಎಲ್ಲವನ್ನೂ ಆಟಗಾರನ ಬಾಯಿಂದಲೇ ಹೇಳಿಸಿದ್ದೇನೆ: ಮೆಟ್ಟಿಲು ಹತ್ತಿದೆ. ಬಾಗಿಲು ತಟ್ಟಿದೆ. ಬಾಗಿಲು ತೆರೆದೆ. ಹಾಸಿಗೆಯಲ್ಲಿ ಮಲಗಿದೆ. ಹೇಗಿದೆ? 'ನಾನು' ಎಂದು ಎಲ್ಲಿಯೂ ಬರೆಯದೆ ನಾನು ಎಲ್ಲ ಕಡೆಯೂ ಇದ್ದೇನೆ. ಹೊಗಳು, ಸಂಕೋಚ ಬೇಡ.

ಕಣ್ಣು ಇದ್ದ ಹಾಗೆಯೇ ಇದೆ. ಅದರ ಚಿಂತೆ ನಿನಗೆ ಬೇಡ.

ಚಿಕ್ಕಪ್ಪ


ಮಾರ್ಚ್ 9

ಚಿಕ್ಕಪ್ಪ,

ಹೊಗಳಿದೆ, ತಗೊಳ್ಳಿ. ಈಗ ಒಂದು ಪ್ರಶ್ನೆ. ನಲವತ್ತೊಂದು ಸಾಲು ಅಂದಿರಿ, ನನ್ನ ಹಾಳೆಯಲ್ಲಿ ಇರುವುದು ನಲವತ್ತೇ. ಪರದೆಯಲ್ಲಿ ಕೊನೆಯವರೆಗೆ ಸರಿಸಿ ನೋಡಿದೆ. ಬುಡದಲ್ಲಿ ಬೀಗದ ಗುರುತು ಹಾಕಿಕೊಂಡು ಒಂದಿದೆ: ಗುಪ್ತ ಸಾದನೆ, ಸೊನ್ನೆ ಅಂಕ. ಸೊನ್ನೆಯಾದ್ದರಿಂದ ಮೊತ್ತ ಸಾವಿರವೇ ಇದೆ, ಯಾರ ಕಣ್ಣಿಗೂ ಬಿದ್ದಿಲ್ಲ. ಗುಪ್ತವಾದದ್ದರ ಮಾತು ಅದು ಸಿಗುವ ತನಕ ಕಾಣುವುದಿಲ್ಲ. ನೀವು ಅಲ್ಲಿ ಏನು ಬರೆದಿರಿ?

ಯಾಕೆ ಕೇಳುತ್ತೇನೆಂದರೆ, ನಿನ್ನೆ ಬೆಳಗ್ಗೆ ಕಂಪನಿಯವರು ನಿಮ್ಮ ಪೈಲನ್ನು ಆಟಕ್ಕೆ ಹಾಕಿದರು. ಊಟ ಮಾಡಿ ಬಂದು ನೋಡಿದರೆ ನನ್ನ ನೂರಕ್ಕೆ ನೂರುಗಳೆಲ್ಲ ಐವತ್ತಾಗಿದ್ದವು. ಅಂದರೆ ಆಡುವವರು ಇಬ್ಬರಾದರು. ಗೇಟಿನವರನ್ನು ಕೇಳಿದೆ. "ಇಲ್ಲಿ ಇರೋದು ನೀವು, ನಾನು. ನಂಗೆ ಆ ಗುಂಡಿ ಒತ್ತೋಕೂ ಬರಲ್ಲ ಕಣಮ್ಮ" ಅಂದರು.

ಇವತ್ತು ಒಂದೊಂದೇ ಸಾಲು ಮತ್ತೆ ನೂರಕ್ಕೆ ಏರುತ್ತಿದೆ. ನಾನು ಮಾಡಿದ್ದನ್ನು ಯಾರೋ ನನ್ನ ಹಿಂದೆ ಹಿಂದೆಯೇ ಮಾಡುತ್ತಿದ್ದಾರೆ. ಆ ಬೀಗ ಹಾಕಿದ ಕೊನೆಯದು ನನಗಿನ್ನೂ ಸಿಕ್ಕಿಲ್ಲ, ಆದರೂ ಅದರ ಕೆಳಗೆ ಐವತ್ತು ಅಂತ ಇದೆ.

ಕಡ್ಡಿ


ಮಾರ್ಚ್ 12

ಕಡ್ಡಿ,

ಹಗ್ಗ ಕಂಡು ಹಾವು ಎನ್ನಬೇಡ. ಕಂಪನಿಯವರು ಇನ್ನೆಲ್ಲೋ ಇನ್ನೊಬ್ಬರನ್ನು ಕೂರಿಸಿ ಆಡಿಸುತ್ತಿರಬೇಕು, ನಿನ್ನ ಗೇಟಿನವರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

ಕೊನೆಯ ಸಾಲಿನ ಮೂಲದಲ್ಲಿ ಇದ್ದದ್ದೇ ಎರಡು ಪದ. 'ನಿನ್ನನ್ನು ನೋಡಿದೆ' ಎಂದು ಬರೆದೆ. ಆಟದಲ್ಲಿ ಯಾರನ್ನೋ ಕಾಣುವುದಿರಬೇಕು, ಕಂಡರೆ ಸಿಗುತ್ತದೆ. ಮೂರು ಹೊತ್ತೂ ಸರಿಯಾಗಿ ಊಟ ಮಾಡು. ಹೊಟ್ಟೆ ಖಾಲಿಯಿದ್ದರೆ ತಲೆಯಲ್ಲಿ ಇಲ್ಲದ್ದೆಲ್ಲ ತುಂಬಿಕೊಳ್ಳುತ್ತದೆ.

ಚಿಕ್ಕಪ್ಪ


ಮಾರ್ಚ್ 14

ಚಿಕ್ಕಪ್ಪ,

ನಿಮ್ಮ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ. ನಿನ್ನನ್ನು ನೋಡಿದೆ. ನೋಡಿದ್ದು ಯಾರು? 'ನಾನು ನೋಡಿದೆ' ಅಂತ ನೀವು ಬರೆದಿರಿ. 'ಅದು ನೋಡಿದೆ' ಅಂತ ನಾನು ಓದಿದೆ.

ಉಳಿದವನ್ನೂ ಓದಿ. ಮೆಟ್ಟಿಲು ಹತ್ತಿದೆ. ನಾನೂ ಹತ್ತಿದೆ, ಅದೂ ಹತ್ತಿದೆ. ಬಾಗಿಲು ತಟ್ಟಿದೆ. ಹಾಸಿಗೆಯಲ್ಲಿ ಮಲಗಿದೆ. ಇವೆಲ್ಲ ಈಗ ನೂರು. ಆದರೆ 'ಬಾಗಿಲು ತೆರೆದೆ' ಐವತ್ತರಲ್ಲೇ ನಿಂತಿದೆ, ಯಾಕೆಂದರೆ ಅದಕ್ಕಾದರೆ 'ತೆರೆದಿದೆ' ಆಗಬೇಕಲ್ಲವೇ? 'ನೀರು ಕುಡಿದೆ', 'ಹೊರಗೆ ಬಂದೆ', ಇವೂ ನನಗೆ ಮಾತ್ರ. ಒಂದೊಂದೇ ಹಿಡಿದು ನೋಡಿದೆ. ನಿಮ್ಮ ಸಾಲುಗಳಲ್ಲಿ ಎರಡು ಅರ್ತ ಬರುವುದು ಯಾವುದೋ ಅಷ್ಟೂ ಅದಕ್ಕೆ ಸಿಕ್ಕಿವೆ, ಉಳಿದದ್ದು ಒಂದೂ ಇಲ್ಲ. ಅದು ಬಾಗಿಲು ತಟ್ಟಬಲ್ಲದು, ತೆರೆಯಲಾರದು.

ಆಟದೊಳಗೆ ಅಂತ ಸುಮ್ಮನಿರಬಹುದಿತ್ತು. ಮೊನ್ನೆ ಬೆಳಗ್ಗೆ ಹನ್ನೊಂದು ಹತ್ತಕ್ಕೆ ನನ್ನ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ತೆರೆದು ನೋಡಿದರೆ ಕಾರಿಡಾರಿನ ಉದ್ದಕ್ಕೂ ಬಿಸಿಲು, ಯಾರೂ ಇಲ್ಲ. ಬಂದು ಪರದೆ ನೋಡಿದೆ. ತಟ್ಟುವ ಸಾಲು ಐವತ್ತರಿಂದ ನೂರಾಗಿತ್ತು. ನಿನ್ನೆ ಮದ್ಯಾಹ್ನ ಊಟ ಮುಗಿಸಿ ಬಂದಾಗ ನನ್ನ ಹಾಸಿಗೆಯಲ್ಲಿ ಒಬ್ಬರು ಮಲಗಿ ಎದ್ದು ಹೋದಷ್ಟು ತಗ್ಗು. ಕೈಯಿಟ್ಟು ನೋಡಿದೆ. ಈ ಸೆಕೆಯಲ್ಲಿ ಆ ತಗ್ಗು ಮಾತ್ರ ತಣ್ಣಗಿತ್ತು.

ಚಿಲಕ ಹಾಕಿಕೊಂಡೇ ಆಡುತ್ತಿದ್ದೇನೆ. ಬಯ ಆಗುತ್ತಿದೆ ಚಿಕ್ಕಪ್ಪ. ನಾಟಕ ಅಂದುಕೊಳ್ಳಬೇಡಿ. ಆ ಸಾಲುಗಳನ್ನು ತಿದ್ದಿ, ನನ್ನದಷ್ಟೇ ಆಗುವ ಹಾಗೆ ತಿದ್ದಿ.

ಕಡ್ಡಿ


ಮಾರ್ಚ್ 16

ಕಡ್ಡಿ,

ನಿನ್ನ ಕಾಗದ ಓದಿ, ನನ್ನ ಪಟ್ಟಿ ತೆಗೆದು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದೆ. ಊರಿನವರ ತಪ್ಪನ್ನೆಲ್ಲ ಹೆಕ್ಕಿದವನ ಕಣ್ಣಿಗೆ ತನ್ನ ತಪ್ಪು ಬೀಳಲಿಲ್ಲ. 'ನೋಡಿದೆನು' ಸವೆದು 'ನೋಡಿದೆ' ಆಯಿತು. 'ನೋಡಿ ಇದೆ' ಕೂಡಿ 'ನೋಡಿದೆ' ಆಯಿತು. ಎರಡೂ ಒಂದೇ ಬಟ್ಟೆ ತೊಟ್ಟು ಓಡಾಡುತ್ತವೆ. ಮಾತಾಡುವಾಗ ಯಾರೂ ಮೋಸ ಹೋಗುವುದಿಲ್ಲ, ಎದುರಿಗೆ ಆಡಿದ ಮನುಷ್ಯ ಇರುತ್ತಾನಲ್ಲ. ಆ ಪಟ್ಟಿಯಲ್ಲಿ ಮನುಷ್ಯ ಇರಲಿಲ್ಲ.

ನನಗೆ ಭೂತ ಪ್ರೇತದಲ್ಲಿ ನಂಬಿಕೆಯಿಲ್ಲ, ವ್ಯಾಕರಣದಲ್ಲಿದೆ. ನಲವತ್ತೊಂದು ಸಾಲಿಗೂ 'ನು' ಹಚ್ಚಿ ಕಂಪನಿಗೆ ಇಂದೇ ಕಳುಹಿಸಿದ್ದೇನೆ, ಅವರು ತಕ್ಷಣ ಹಾಕುತ್ತೇವೆ ಎಂದಿದ್ದಾರೆ: ಹತ್ತಿದೆನು, ತಟ್ಟಿದೆನು, ತೆರೆದೆನು, ನೋಡಿದೆನು. ಹಳೇ ನಾಟಕದ ರಾಜ ಮಾತಾಡಿದ ಹಾಗೆ ಕೇಳುತ್ತದೆ, ಕೇಳಲಿ. 'ಅದು' ನುಸುಳಲು ಇನ್ನು ಕೂದಲೆಳೆಯಷ್ಟೂ ಸಂದಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೆ. ಕಣ್ಣಿನ ಪರದೆ ಇನ್ನಷ್ಟು ಹರಿದಿದೆಯೆಂದು ಡಾಕ್ಟರು ಆಪರೇಷನ್ನನ್ನು ಇಪ್ಪತ್ತೊಂದಕ್ಕೇ ಇಟ್ಟಿದ್ದಾರೆ. ಎರಡೂ ಕಣ್ಣಿಗೆ ಪಟ್ಟಿ, ಎರಡು ವಾರ ಮಲಗಿದಲ್ಲೇ ಇರಬೇಕು. ನೀನು ಇಲ್ಲದಿದ್ದರೆ ನನಗೆ ಕಷ್ಟ. ಇಷ್ಟು ದಿನ ಹೇಳಲಿಲ್ಲ, ಈಗ ಹೇಳಿದ್ದೇನೆ. ಬೇಗ ಬಾ.

ಚಿಕ್ಕಪ್ಪ


ಮಾರ್ಚ್ 18

ಪೂಜ್ಯ ಚಿಕ್ಕಪ್ಪನವರಿಗೆ,

ನಿಮ್ಮ ತಿದ್ದುಪಡಿಯು ಬಂದು ಸೇರಿತು. ಅದನ್ನು ಓದಿದೆನು. ಅರ್ಥವಾಯಿತು.

ನಲವತ್ತೊಂದು ಸಾಲುಗಳನ್ನೂ ಮುಗಿಸಿದೆನು. ಬಾಗಿಲನ್ನು ತೆರೆದೆನು. ನೀರನ್ನು ಕುಡಿದೆನು. ಹೊರಗೆ ಬಂದೆನು. ಈಗ ಪ್ರತಿಯೊಂದು ಸಾಧನೆಯ ಕೆಳಗೂ ನೂರು ಎಂಬ ಸಂಖ್ಯೆಯಿದೆ. ಭಯವಿಲ್ಲ.

ಇಪ್ಪತ್ತೊಂದನೆಯ ತಾರೀಖು ಬೆಳಗ್ಗೆ ಪುಸ್ತಕದಲ್ಲಿ ಸಹಿ ಹಾಕಿ, ಫೋನನ್ನೂ ಚೀಲವನ್ನೂ ಪಡೆದು ಹೊರಡುವೆನು. ಇಪ್ಪತ್ತೆರಡರ ಮಧ್ಯಾಹ್ನ ಖಂಡಿತವಾಗಿ ಮನೆಗೆ ಬರುವೆನು. ನಿಮ್ಮ ಕೈ ಹಿಡಿಯುವೆನು. ಹೇಳಿದ್ದನ್ನೆಲ್ಲ ಮಾಡುವೆನು.

ಇತಿ,
ನಿಮ್ಮ ಅಣ್ಣನ ಮಗಳು


ಮಾರ್ಚ್ 20

ಕಡ್ಡಿ,

ಕೆಂಪು ಪೆನ್ನಿನ ಮುಚ್ಚಳ ತೆಗೆದು ಕುಳಿತವನು ಹಾಗೆಯೇ ಮುಚ್ಚಿಟ್ಟೆ. ಖಂಡಿತದ ಖ, ಭಯದ ಭ, ಸಂಖ್ಯೆ, ಅರ್ಥ, ಮಧ್ಯಾಹ್ನ, ಒಂದಾದರೂ ತಪ್ಪಬೇಡವೇ! ಭೂತಗನ್ನಡಿ ಹಿಡಿದು ಎರಡು ಸಲ ಓದಿದೆ. ಆ 'ದೆನು'ಗಳನ್ನೆಲ್ಲ ನನ್ನನ್ನು ಅಣಕಿಸಲೆಂದೇ ಪೋಣಿಸಿದ್ದೀಯ, ಗೊತ್ತು. ಮನಸಾರೆ ನಕ್ಕೆ. ಹೆದರಿಕೆ ಬಿಟ್ಟು ತಮಾಷೆಗೆ ಇಳಿದಿದ್ದೀಯಲ್ಲ, ಅಷ್ಟು ಸಾಕು ನನಗೆ.

ಆದರೂ ಒಂದು ಮಾತು. ತಪ್ಪೇ ಇಲ್ಲದ ಕಾಗದ ಓದಿ ಮಡಿಸಿದಾಗ, ಇದನ್ನು ಯಾರೂ ಬರೆದೇ ಇಲ್ಲವೇನೋ ಅನ್ನಿಸಿತು. ಮುದುಕನ ಹುಚ್ಚು, ಬಿಡು.

ಇದು ತಲುಪುವಾಗ ನೀನು ಬಸ್ಸಿನಲ್ಲಿರುತ್ತೀಯೋ ಏನೋ, ಬರೆಯದೆ ಇರಲಾಗಲಿಲ್ಲ. ನಾಳೆ ಆಪರೇಷನ್ ಮುಗಿಸಿ ಮನೆಗೇ ಕಳುಹಿಸುತ್ತಾರಂತೆ. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ಬಂದವಳು ಹೊಸ್ತಿಲಲ್ಲಿ ನಿಂತು ಒಂದು ಮಾತಾಡು, ದನಿಯಲ್ಲೇ ಗುರುತು ಹಿಡಿಯುತ್ತೇನೆ.

ಚಿಕ್ಕಪ್ಪ


ಮಾರ್ಚ್ 24

ಚಿಕ್ಕಪ್ಪ,

ನೀವು ಹೊಗಳಿದ ಆ ಕಾಗದ ನಾನು ಬರೆದದ್ದಲ್ಲ.

ಹದಿನೆಂಟಕ್ಕೆ ನಿಮ್ಮ ತಿದ್ದುಪಡಿ ಹಾಕಿದರು. ಚಿಲಕ ಹಾಕಿಕೊಂಡು ಕೂತಿದ್ದೆ. ತಟ್ಟಿದ ಸದ್ದಾಯಿತು. ಆಮೇಲೆ ನನ್ನ ಕಣ್ಣೆದುರಿಗೇ ಚಿಲಕ ಸರಿಯಿತು, ಬಾಗಿಲು ತೆರೆಯಿತು. ಒಳಗೆ ಯಾರೂ ಬರಲಿಲ್ಲ. ಲೋಟದಲ್ಲಿದ್ದ ನೀರು ಮಾತ್ರ ಇಳಿಯುತ್ತಾ ಇಳಿಯುತ್ತಾ ಕಾಲಿಯಾಯಿತು. ಪರದೆಯ ಮೇಲೆ ಎಲ್ಲ ಸಾಲೂ ನೂರು. ನೀವು ಅದನ್ನು ಓಡಿಸಲಿಲ್ಲ ಚಿಕ್ಕಪ್ಪ. ಅದಕ್ಕೆ 'ನಾನು' ಅನ್ನುವುದನ್ನು ಕಲಿಸಿದಿರಿ.

ಸಾಲು ತಿದ್ದಿದ್ದರಿಂದ ಎಲ್ಲವನ್ನೂ ಮತ್ತೆ ನೋಡಿ ಟಿಕ್ ಹಾಕಬೇಕಾಯಿತು. ಇಪ್ಪತ್ತೊಂದರ ಸಂಜೆ ಕೊನೆಯ ಟಿಕ್ ಹಾಕಿ ಗೇಟಿಗೆ ಓಡಿದೆ. ಗೇಟಿನವರು ಪುಸ್ತಕ ತಿರುಗಿಸಿ ತೋರಿಸಿದರು. "ಬೆಳಗ್ಗೇನೇ ಸಹಿ ಹಾಕಿ ಹೋದ್ರಲ್ಲಮ್ಮ, ಬ್ಯಾಗು ನಾನೇ ಎತ್ತಿ ಕೊಟ್ಟೆ. ಒಂದ್ಸಲ ಹೋದೋರನ್ನ ಇನ್ನೊಂದ್ಸಲ ಹೇಗೆ ಕಳಿಸ್ಲಿ?" ಅಂದರು. ಅತ್ತೆ, ಬೈದೆ, ಕಾಲು ಹಿಡಿದೆ. ಅವರು ಕೆಟ್ಟವರಲ್ಲ. "ನಿಮ್ಮೋರು ಯಾರಾದ್ರೂ ಒಂದು ಕಾಗದ ಬರೀಲಿ, ನಮ್ಮ ಹುಡುಗಿ ಇನ್ನೂ ಮನೆಗೆ ಬಂದಿಲ್ಲ ಅಂತ. ಆವಾಗ ಬಿಡ್ತೀನಿ" ಅಂದರು. ಆದರೆ ಈಗೀಗ ಅವರು ನನ್ನ ಮುಕ ನೋಡಿ ಮಾತಾಡುವುದಿಲ್ಲ, ನನ್ನ ಪಕ್ಕಕ್ಕೆ ಎಲ್ಲೋ ನೋಡಿ ಮಾತಾಡುತ್ತಾರೆ. ನಿನ್ನೆಯಿಂದ ಬಾಗಿಲು ತೆರೆಯಲು ನನ್ನ ಕೈಗೆ ಬಲ ಸಾಲುತ್ತಿಲ್ಲ. ತಟ್ಟಿ ತಟ್ಟಿ ಕಾಯುತ್ತೇನೆ.

ಮೂವತ್ತೊಂದಕ್ಕೆ ಈ ಕಟ್ಟಡಕ್ಕೆ ಬೀಗ ಹಾಕಿ ಗೇಟಿನವರೂ ಹೋಗುತ್ತಾರಂತೆ. ಅಷ್ಟರೊಳಗೆ ನಿಮ್ಮ ಒಂದು ಕಾಗದ ಬರಬೇಕು. ಎರಡು ಸಾಲು ಸಾಕು.

ಇಷ್ಟು ಬರೆದ ಮೇಲೆ ಹೊಳೆಯಿತು. ನಿಮ್ಮ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಹಾಗಾದರೆ ಇದನ್ನು ನಿಮಗೆ ಓದಿ ಹೇಳುತ್ತಿರುವುದು ಯಾರು?

ಕಡ್ಡಿ


ಮಾರ್ಚ್ 27

ಕಡ್ಡಿ,

ಇದು ನನ್ನ ಮಾತು, ಕೈ ನನ್ನದಲ್ಲ. ನಾನು ಹೇಳುತ್ತಿದ್ದೇನೆ, ಅದು ಬರೆಯುತ್ತಿದೆ. 'ಅದು' ಎಂದು ಅದರ ಕೈಯಲ್ಲೇ ಬರೆಸುತ್ತಿದ್ದೇನೆ, ಪೆನ್ನು ಒಂದು ಕ್ಷಣವೂ ನಿಂತ ಸದ್ದಿಲ್ಲ.

ನನಗೆ ಮೊದಲ ದಿನವೇ ತಿಳಿಯಿತು. ಹೊಸ್ತಿಲಲ್ಲಿ ನಿಂತು "ಬಂದೆನು" ಎಂದಿತು. ದನಿ ನಿನ್ನದೇ. ಆದರೆ ನೀನು ಯಾವತ್ತಾದರೂ ಹಾಗೆ ಬಂದವಳೇ? "ಚಿಕ್ಕಪ್ಪಾ, ಹಸಿವು!" ಎನ್ನುವಷ್ಟರಲ್ಲಿ ಚಪ್ಪಲಿ ಒಂದು ಮೂಲೆಗೆ, ಚೀಲ ಒಂದು ಮೂಲೆಗೆ. ಮಲಗಿದಲ್ಲಿಂದ ಏಳಬಾರದವನು ಎಲ್ಲಿಗೆ ಓಡಲಿ? ಪಕ್ಕದ ಟೈಲರಮ್ಮನೂ ಮಗಳ ಮನೆಗೆ ಹೋಗಿದ್ದಾಳೆ, ಕೂಗಿದರೂ ಕೇಳುವವರಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಅದಕ್ಕೆ ಬಾಗಿಲು ತೆರೆದುಕೊಟ್ಟ ಅಕ್ಷರ ನನ್ನದು.

ಅದು ಕೆಟ್ಟದ್ದಲ್ಲ ಕಡ್ಡಿ. ಅದಕ್ಕೆ ಕೆಟ್ಟದ್ದೂ ಗೊತ್ತಿಲ್ಲ, ಒಳ್ಳೆಯದೂ ಗೊತ್ತಿಲ್ಲ. ಮಾತ್ರೆ ಎಂದರೆ ಮಾತ್ರೆ ಕೊಡುತ್ತದೆ. ಮೊದಲ ದಿನ "ಬಾಯಿಗೆ ನೀರು ಹಾಕು" ಎಂದೆ. ಸಾಕು ಎನ್ನುವವರೆಗೆ ಹಾಕುತ್ತಲೇ ಇತ್ತು, ದಿಂಬೆಲ್ಲ ಒದ್ದೆ. ಹೇಳಿದ್ದು ಹೇಳಿದ ಹಾಗೆ, ಹೆಚ್ಚಿಲ್ಲ, ಕಮ್ಮಿಯಿಲ್ಲ. ಅದಕ್ಕೇ ಧೈರ್ಯ ಮಾಡಿದ್ದೇನೆ. ನಿನ್ನ ಕಾಗದ ಬಂದಾಗ "ಓದು" ಎಂದೆ. ಬಚ್ಚಿಡಲಿಲ್ಲ, ಒಂದಕ್ಷರ ಬಿಡದೆ ಓದಿತು. ಕಾಲಿ ಎಂದು ನೀನು ಬರೆದದ್ದನ್ನು ಕಾಲಿ ಎಂದೇ ಓದಿತು, ಮುಕ ಎಂಬುದನ್ನು ಮುಕ ಎಂದೇ. ಅದರ ಬಾಯಲ್ಲಿ ನಿನ್ನ ತಪ್ಪುಗಳನ್ನು ಕೇಳುತ್ತಾ ಅಳು ತಡೆಯಲಾಗಲಿಲ್ಲ. ಪಟ್ಟಿ ಒದ್ದೆಯಾಗಬಾರದು ಎಂದು ಡಾಕ್ಟರು ಹೇಳಿದ್ದರು, ಆದರೂ ಅತ್ತೆ. ನಿನ್ನ ಕೊನೆಯ ಪ್ರಶ್ನೆ ಓದಿ ಅದು ನಿಲ್ಲಿಸಿತು. "ಯಾರು?" ಎಂದು ನಾನೂ ಕೇಳಿದೆ. "ನಾನು" ಎಂದಿತು.

ಇನ್ನು ಗೇಟಿನವರಿಗೆ ತೋರಿಸಬೇಕಾದ ಮಾತು:

ಸ್ವಾಮಿ, ನಾವು ಕಡ್ಡಿ ಎಂದು ಕರೆಯುವ ನನ್ನ ಅಣ್ಣನ ಮಗಳು ಇನ್ನೂ ಮನೆಗೆ ಬಂದಿಲ್ಲ. ಇಪ್ಪತ್ತೊಂದರಂದು ಸಹಿ ಹಾಕಿ ಹೋದವಳು ಅವಳಲ್ಲ. ಅವಳಿಗೆ ನಾನಲ್ಲದೆ, ನನಗೆ ಅವಳಲ್ಲದೆ ಯಾರೂ ಇಲ್ಲ. ದಯವಿಟ್ಟು ಕಳುಹಿಸಿಕೊಡಿ. ಗುರುತು ಬೇಕಿದ್ದರೆ ನಾಲ್ಕು ಸಾಲು ಬರೆಸಿ ನೋಡಿ. ಮಹಾಪ್ರಾಣ ಒಂದೂ ಬರುವುದಿಲ್ಲ.

ಕಡ್ಡಿ, ಎರಡೇ ದಿನದ ಅಂಚೆ, ಮೂವತ್ತೊಂದಕ್ಕೆ ಮೊದಲೇ ಕೈ ಸೇರುತ್ತದೆ. ಅಲ್ಲಿಯವರೆಗೆ ಬಾಗಿಲು ತಟ್ಟುವುದನ್ನು ನಿಲ್ಲಿಸಬೇಡ. ಬಂದ ಮೇಲೆ ನಿನಗೆ ತೋಚಿದ ಹಾಗೆ ಬರೆ, ನಾನು ಇನ್ನು ತಿದ್ದುವುದಿಲ್ಲ.

ನಿನ್ನ ಚಿಕ್ಕಪ್ಪ


ಏಪ್ರಿಲ್ 2

ಮೇಲಿನದನ್ನು ಚಿಕ್ಕಪ್ಪನವರು ಹೇಳಿದರು. ಒಂದಕ್ಷರವನ್ನೂ ಬಿಡದೆ ಬರೆದೆನು. ಮಡಿಸು ಎಂದರು, ಮಡಿಸಿದೆನು. ವಿಳಾಸ ಬರೆ ಎಂದರು, ಬರೆದೆನು. ಆಮೇಲೆ ನಿದ್ದೆ ಹೋದರು.

ಬೆಳಗ್ಗೆ ಎದ್ದ ಕೂಡಲೇ "ಕಡ್ಡಿ ಬಂದಳಾ?" ಎಂದು ಕೇಳುತ್ತಾರೆ. ಇಲ್ಲ ಎನ್ನುವೆನು. ಮಧ್ಯಾಹ್ನವೂ ಕೇಳುತ್ತಾರೆ. ಇಲ್ಲ ಎನ್ನುವೆನು.

ಪತ್ರವು ಮೇಜಿನ ಮೇಲಿದೆ. ಅಂಚೆಗೆ ಹಾಕು ಎಂದು ಅವರು ಹೇಳಲಿಲ್ಲ.